ಸಾಕ್ಷಿ, ಹಕ್ಕುಪತ್ರ ಮತ್ತು ಹಲಸಿ

ಖಾನಾಪುರ ತಾಲೂಕಿನ ಹಲಸಿಯ ಹೆಸರು ಕೇಳಿದರೆ ಕನ್ನಡದ ಕಿವಿಗೆ ಮೊದಲು ನೆನಪಾಗುವುದು ಹಲಸಿನ ಹಣ್ಣು. ಆ ಸೀಮೆಯಲ್ಲಿ ಹಲಸಿನ ಮರಗಳಿಗೇನೂ ಬರವಿಲ್ಲ, ಹಾಗಾಗಿ ಯಾರೂ ಮುಂದಕ್ಕೆ ಯೋಚಿಸುವುದಿಲ್ಲ. ಆದರೆ ಊರಿಗೆ ಹೆಸರು ಬಂದದ್ದು ಹಲಸಿನಿಂದಲ್ಲ, ಮುತ್ತುಗದಿಂದ. ಐದನೆಯ ಶತಮಾನದ ಕದಂಬರ ತಾಮ್ರಪಟಗಳಲ್ಲಿ ಈ ಊರು ‘ಪಲಾಶಿಕಾ’. ಪಲಾಶವೆಂದರೆ ಮುತ್ತುಗದ ಮರ. ಮುಂದಿನ ಶಾಸನಗಳಲ್ಲಿ ಅದು ‘ಪಲಸಿಗೆ’ಯಾಗುತ್ತದೆ, ಇನ್ನೂ ಮುಂದೆ ‘ಹಲಸಿಗೆ’ಯಾಗುತ್ತದೆ. ಹಲಸಿಗೆ ಹನ್ನೆರಡು ಸಾವಿರ ಎಂಬ ದೊಡ್ಡ ನಾಡಿಗೇ ಈ ಸಣ್ಣ ಊರಿನ ಹೆಸರಿತ್ತು. ಪಾಲು ಹಾಲಾದ, ಪುಲಿ ಹುಲಿಯಾದ, ಪೂ ಹೂವಾದ ದಾರಿಯಲ್ಲೇ ಪಲಸಿಗೆಯೂ ನಡೆದು ಬಂದಿದೆ.

ಇದರಲ್ಲಿ ಒಂದು ತಮಾಷೆಯಿದೆ. ಮರಾಠಿಯಲ್ಲಿ ಮುತ್ತುಗಕ್ಕೆ ಇವತ್ತಿಗೂ ‘ಪಳಸ’ ಎಂದೇ ಹೆಸರು. ಮಹಾರಾಷ್ಟ್ರದಲ್ಲಿ ಪಳಶಿ ಎಂಬ ಊರುಗಳಿವೆ. 1757ರ ಕದನದಿಂದ ನಮಗೆಲ್ಲ ಶಾಲೆಯಲ್ಲೇ ಪರಿಚಯವಾದ ಬಂಗಾಳದ ಪ್ಲಾಸಿಯೂ ಪಲಾಶಿಯೇ. ಹಲಸಿಯಲ್ಲಿ ನಾನು ಹೋದಾಗಲೆಲ್ಲ ಬೀದಿಯಲ್ಲಿ, ಕಟ್ಟೆಯ ಮೇಲೆ ಹೆಚ್ಚಾಗಿ ಕೇಳಿದ್ದು ಮರಾಠಿಯನ್ನು. ಅವರ ಬಾಯಲ್ಲಿ ಊರು ‘ಹಲಶಿ’. ಪಳಸವೆಂದರೆ ಯಾವ ಮರವೆಂದು ಅವರಿಗೆ ಚೆನ್ನಾಗಿ ಗೊತ್ತು, ಆದರೆ ಕನ್ನಡದ ಹಕಾರ ಅಡ್ಡ ಬಂದಿರುವುದರಿಂದ ಆ ಮರ ಅವರಿಗೆ ತಮ್ಮೂರಿನ ಹೆಸರಿನಲ್ಲಿ ಕೇಳಿಸುವುದಿಲ್ಲ. ಕನ್ನಡದವರಿಗೆ ಹಕಾರ ಕೇಳಿಸುತ್ತದೆ, ಆದರೆ ಹಲಸಿನ ಹಣ್ಣು ಅಡ್ಡ ಬಂದು ಮುತ್ತುಗ ಮರೆಯಾಗುತ್ತದೆ. ಒಂದೇ ಹೆಸರಿಗೆ ಎರಡು ಬಗೆಯ ಕಿವುಡು.

ಈ ಪಕಾರ ಹಕಾರದ ಸಂಗತಿಯನ್ನು ಬೆಳಗಾವಿಯ ಒಂದು ಚಹಾದಂಗಡಿಯಲ್ಲಿ ಗೆಳೆಯನೊಬ್ಬನಿಗೆ ಹೇಳಿದೆ. ಅವನು ಥಟ್ಟನೆ, “ಇದನ್ನ ಬರೀಲೇಬೇಕು ನೋಡು. ಊರಿನ ಹೆಸರಲ್ಲೇ ಪುರಾವೆ ಐತಿ. ಇನ್ನೇನ್ ಬೇಕು?” ಎಂದ. ಯಾವುದಕ್ಕೆ ಪುರಾವೆ ಎಂದು ಅವನು ಬಿಡಿಸಿ ಹೇಳಲಿಲ್ಲ. ಬೆಳಗಾವಿಯಲ್ಲಿ ಅದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ. 1956ರ ನವೆಂಬರ್ 1ರಂದು ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದ ದಿನದಿಂದ ಈ ಜಿಲ್ಲೆಯ ಪ್ರತಿ ಕಲ್ಲಿನ ಬರಹವೂ ಯಾವುದೋ ಒಂದು ಪಕ್ಷದ ಪರ ಸಾಕ್ಷಿ ಹೇಳುತ್ತ ಬಂದಿದೆ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. 2004ರಿಂದ ಮಹಾರಾಷ್ಟ್ರದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ನವೆಂಬರ್ 1 ಬಂತೆಂದರೆ ಒಂದೇ ನಗರದಲ್ಲಿ ಕೆಲವರಿಗೆ ರಾಜ್ಯೋತ್ಸವ, ಕೆಲವರಿಗೆ ಕರಾಳ ದಿನ. ಇಂಥ ನಗರದಲ್ಲಿ ಕೂತು ಶಾಸನ ಓದುವವನು ತಾನು ಬರೀ ಭಾಷೆ ಓದುತ್ತಿದ್ದೇನೆ ಎಂದುಕೊಳ್ಳುವ ಹಾಗಿಲ್ಲ.

ಗೆಳೆಯನ ಮಾತಿಗೆ ನಾನು ಆಗ ಉತ್ತರ ಕೊಡಲಿಲ್ಲ. ಹೆಸರಿನೊಳಗೆ ಕನ್ನಡವಿದೆ ಎಂಬುದು ನಿಜ, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ‘ಇಲ್ಲಿ ಕನ್ನಡ ಇತ್ತು’ ಎಂಬ ಮಾತಿಗೂ ‘ಇದು ನಮ್ಮದು’ ಎಂಬ ಮಾತಿಗೂ ನಡುವೆ ಒಂದು ಹೊಳೆಯಿದೆ. ಅದರ ಮೇಲೆ ಸೇತುವೆ ಇದೆಯೆಂದೇ ನಾವೆಲ್ಲ ಭಾವಿಸಿ ಓಡಾಡುತ್ತಿದ್ದೇವೆ. ನಿಜವಾಗಿಯೂ ಇದೆಯೇ?

ಹಲಸಿಯ ತಾಮ್ರಪಟಗಳಿಂದಲೇ ಶುರುಮಾಡುತ್ತೇನೆ. ಊರಿನ ಹೊರಗೆ, ನಂದಗಡದ ದಾರಿಯಲ್ಲಿ, ಚಕ್ರತೀರ್ಥವೆಂಬ ಸಣ್ಣ ಬಾವಿಯ ಹತ್ತಿರದ ಮಣ್ಣಿನ ದಿಬ್ಬದಲ್ಲಿ ಇವು ಸಿಕ್ಕವು. 1870ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಇವನ್ನು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಓದಿ ಪ್ರಕಟಿಸಿದ. ಕಾಕುಸ್ಥವರ್ಮ, ಅವನ ಮೊಮ್ಮಗ ಮೃಗೇಶವರ್ಮ, ಮೃಗೇಶನ ಮಗ ರವಿವರ್ಮ, ರವಿವರ್ಮನ ಮಗ ಹರಿವರ್ಮ ಹೀಗೆ ಹಲವು ತಲೆಮಾರಿನ ದಾನಗಳು ಅದರಲ್ಲಿವೆ. ಬನವಾಸಿಯ ಕದಂಬರಿಗೆ ಪಲಾಶಿಕಾ ಎರಡನೆಯ ರಾಜಧಾನಿಯಂತಿತ್ತು ಎಂದು ನಾವು ಪಾಠದಲ್ಲಿ ಓದುವುದು ಇವುಗಳ ಬಲದಿಂದಲೇ. ಅರಮನೆಯ ಗೋಡೆಯಾಗಲಿ ಕೋಟೆಯಾಗಲಿ ಅಷ್ಟು ಖಚಿತವಾಗಿ ಹೇಳಲಾರದ್ದನ್ನು ಅಂಗೈಯಗಲದ ತಾಮ್ರದ ಹಲಗೆಗಳು ಹೇಳುತ್ತವೆ.

ಈ ತಾಮ್ರಪಟಗಳ ಭಾಷೆ ಸಂಸ್ಕೃತ. ಗಡಿಯ ಜಗಳದಲ್ಲಿ ಎರಡೂ ಕಡೆಯವರು ಮರೆತುಬಿಡುವುದು ಇದನ್ನೇ. ಕನ್ನಡ ಲಿಪಿಯ ಪೂರ್ವಜರಂತಿರುವ ಅಕ್ಷರಗಳಲ್ಲಿ, ಕನ್ನಡ ನಾಡಿನ ದೊರೆಗಳು, ಸಂಸ್ಕೃತದಲ್ಲಿ ಬರೆಸಿದ ದಾಖಲೆಗಳು ಇವು. ಅದೇ ಶತಮಾನದಲ್ಲಿ, ಅದೇ ಕದಂಬರ ಹೆಸರು ಹೊತ್ತು, ದೂರದ ಹಲ್ಮಿಡಿಯಲ್ಲಿ ಕನ್ನಡ ಕಲ್ಲಿನ ಮೇಲೆ ಬಂದಿದೆ. ಹಲಸಿಯಲ್ಲಿ ಬಂದಿಲ್ಲ.

ಏನಿದೆ ಇದರಲ್ಲಿ? ಮೃಗೇಶವರ್ಮ ತನ್ನ ತಂದೆಯ ನೆನಪಿಗೆ ಪಲಾಶಿಕಾದಲ್ಲಿ ಜಿನಾಲಯ ಕಟ್ಟಿಸುತ್ತಾನೆ. ಮಾತೃಸರಿತ್ ಎಂಬ ಹೊಳೆಯಿಂದ ಒಂದು ಸಂಗಮದ ತನಕ, ರಾಜಮಾನದ ಅಳತೆಯಲ್ಲಿ 33 ನಿವರ್ತನ ಭೂಮಿಯನ್ನು ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಜೈನ ಪಂಗಡಗಳಿಗೆ ಕೊಡುತ್ತಾನೆ. ರವಿವರ್ಮನ ಕಾಲದಲ್ಲಿ ಜಿನೇಂದ್ರನ ಉತ್ಸವಕ್ಕೆ, ಮಳೆಗಾಲದ ನಾಲ್ಕು ತಿಂಗಳು ಯತಿಗಳ ಊಟಕ್ಕೆ ಏರ್ಪಾಡಾಗುತ್ತದೆ. ಖಾನಾಪುರದ ಮಳೆ ನೋಡಿದವರಿಗೆ ಆ ನಾಲ್ಕು ತಿಂಗಳ ಅರ್ಥ ಬೇರೆ ಟಿಪ್ಪಣಿ ಇಲ್ಲದೆಯೇ ತಿಳಿಯುತ್ತದೆ. ರವಿವರ್ಮನ ತಮ್ಮ ಭಾನುವರ್ಮ ಹುಣ್ಣಿಮೆಯ ಅಭಿಷೇಕಕ್ಕೆಂದು 15 ನಿವರ್ತನ ಕೊಟ್ಟ ಜಾಗದ ಹೆಸರು ಕರ್ದಮಪಟಿ. ಕರ್ದಮವೆಂದರೆ ಕೆಸರು. ಇವತ್ತಿಗೂ ಭತ್ತವೇ ಮುಖ್ಯವಾದ ಆ ಸೀಮೆಯಲ್ಲಿ, ಜುಲೈ ತಿಂಗಳಲ್ಲಿ ರಸ್ತೆಯ ಎರಡೂ ಬದಿ ನೋಡಿದರೆ ಎಲ್ಲವೂ ಕರ್ದಮಪಟಿಯೇ.

ಅಂದರೆ ಇವು ಮೂಲತಃ ಹಕ್ಕುಪತ್ರಗಳು. ಕಾವ್ಯವಲ್ಲ, ಇತಿಹಾಸವೂ ಅಲ್ಲ. ಇಂಥವರಿಂದ ಇಂಥವರಿಗೆ ಇಷ್ಟು ಜಮೀನು, ಇಂಥ ಕಾರಣಕ್ಕೆ. ಇವತ್ತಿನ ಪಹಣಿ ಪತ್ರಿಕೆಯ ಮುತ್ತಜ್ಜ. ಹದಿನೈದು ಶತಮಾನಗಳಲ್ಲಿ ಅವುಗಳ ಹಕ್ಕು ಸವೆದುಹೋಯಿತು, ಉಳಿದದ್ದು ಸಾಕ್ಷಿ. ಈಗ ಅವನ್ನು ತೋರಿಸಿ ಯಾರೂ ಆ 33 ನಿವರ್ತನ ಬಿಡಿಸಿಕೊಳ್ಳಲಾರರು, ಆದರೆ ಯಾರು ಬೇಕಾದರೂ ಅವನ್ನು ಓದಿ ಆ ಕಾಲದ ಬಗ್ಗೆ ತಿಳಿಯಬಹುದು. ಹಕ್ಕುಪತ್ರ ಸತ್ತು ಸಾಕ್ಷಿಯಾಗಿ ಹುಟ್ಟುವ ಈ ಬದಲಾವಣೆಯನ್ನೇ ನಾವು ‘ಪರಂಪರೆ’ ಎನ್ನುತ್ತೇವೆ ಎಂದು ನನಗನ್ನಿಸುತ್ತದೆ. ತೊಂದರೆ ಎದ್ದೇಳುವುದು ಸಾಕ್ಷಿಯನ್ನು ಮತ್ತೆ ಹಕ್ಕುಪತ್ರವಾಗಿ ಚಲಾಯಿಸಹೊರಟಾಗ. ಅದೂ ದಾನ ಪಡೆದವರ ಹೆಸರಿನ ಜಾಗದಲ್ಲಿ ನಮ್ಮ ಹೆಸರು ಬರೆದುಕೊಂಡು.

ದಾನ ಪಡೆದವರು ಯಾರು? ಯಾಪನೀಯರು. ಅವರ ವಾರಸುದಾರರನ್ನು ಹುಡುಕಿಕೊಂಡು ಹೋದರೆ ಎಲ್ಲಿಗೂ ತಲುಪುವುದಿಲ್ಲ. ದಿಗಂಬರ ಶ್ವೇತಾಂಬರರ ನಡುವಿನ ದಾರಿಯಲ್ಲಿ ನಡೆದ, ಹೆಣ್ಣಿಗೂ ಮೋಕ್ಷವುಂಟು ಎಂದು ವಾದಿಸಿದ, ಅಮೋಘವರ್ಷನ ಕಾಲದ ವ್ಯಾಕರಣಕಾರ ಶಾಕಟಾಯನನಂಥವರನ್ನು ಕೊಟ್ಟ ಈ ಪಂಗಡ ಬೆಳಗಾವಿ ಧಾರವಾಡ ಸೀಮೆಯಲ್ಲಿ ಶತಮಾನಗಳ ಕಾಲ ಬಾಳಿತು. ಬೆಳಗಾವಿ ಜಿಲ್ಲೆಯದೇ ಕಾಗವಾಡದಲ್ಲಿ 14ನೆಯ ಶತಮಾನದ ಕೊನೆಯವರೆಗೂ ಅದರ ಸುಳಿವಿದೆ. ಆಮೇಲೆ ಇಲ್ಲ. ಯಾರೂ ಓಡಿಸಿದಂತೆ ಕಾಣುವುದಿಲ್ಲ, ಉಳಿದ ಪಂಗಡಗಳಲ್ಲಿ ಕರಗಿಹೋಗಿರಬೇಕು. ಇವತ್ತು ತಾನು ಯಾಪನೀಯ ಎನ್ನುವ ಒಬ್ಬ ಮನುಷ್ಯನೂ ಭೂಮಿಯ ಮೇಲಿಲ್ಲ. ಕೂರ್ಚಕರ ಬಗ್ಗೆಯಂತೂ ಹೆಸರು ಬಿಟ್ಟರೆ ಉಳಿದಿರುವುದು ತೀರ ಕಡಿಮೆ. ಕೊಟ್ಟ ದೊರೆಯ ವಂಶವಿಲ್ಲ, ಪಡೆದವರ ಸಂತಾನವಿಲ್ಲ, ಬರೆದ ಭಾಷೆ ಯಾರ ಮನೆಮಾತೂ ಅಲ್ಲ. ರಕ್ತದ ಲೆಕ್ಕದಲ್ಲಾಗಲಿ ಭಾಷೆಯ ಲೆಕ್ಕದಲ್ಲಾಗಲಿ ಹಲಸಿಯ ತಾಮ್ರಪಟಗಳಿಗೆ ನೇರ ವಾರಸುದಾರರಿಲ್ಲ.

ಆದರೆ ಹಕ್ಕುದಾರರಿಗೇನೂ ಕೊರತೆಯಿಲ್ಲ. ಕನ್ನಡಿಗರಿಗೆ ಕದಂಬರು ಮೊದಲ ರಾಜವಂಶ; ದೇವುಡು ಅವರ ಕಾದಂಬರಿಯಿಂದ, ಅದಕ್ಕಿಂತ ಹೆಚ್ಚಾಗಿ 1975ರ ‘ಮಯೂರ’ ಚಿತ್ರದ ರಾಜಕುಮಾರ್ ಅವರಿಂದ, ಮಯೂರವರ್ಮ ನಮ್ಮ ಮನೆಯವನೇ ಆಗಿದ್ದಾನೆ. ಗೋವಾದ ಸರ್ಕಾರಿ ಬಸ್ಸುಗಳ ಮೇಲೆ ‘ಕದಂಬ’ ಎಂದು ಬರೆದಿದೆ, ಏಕೆಂದರೆ ಅಲ್ಲಿಯವರಿಗೂ ಕದಂಬರು ತಮ್ಮ ದೊರೆಗಳು. ಕಾರವಾರದ ನೌಕಾನೆಲೆಯ ಹೆಸರೂ ಕದಂಬ. ಕದಮ್ ಎಂಬ ಅಡ್ಡಹೆಸರಿನ ಮರಾಠಿ ಮನೆತನಗಳಲ್ಲಿ ಕದಂಬರ ವಂಶದವರು ತಾವೆಂಬ ಮಾತು ಕೇಳಿಬರುತ್ತದೆ. ಇವರಲ್ಲಿ ಯಾರನ್ನೂ ನಾನು ಸುಳ್ಳುಗಾರರೆನ್ನಲಾರೆ.

ಏಕೆಂದರೆ ಈ ಆಟ ಹೊಸದಲ್ಲ. ಹಲಸಿಯಲ್ಲಿ ಇವತ್ತು ನಾವು ನೋಡುವ ಭೂವರಾಹ ನರಸಿಂಹ ದೇವಾಲಯಕ್ಕೆ 12ನೆಯ ಶತಮಾನದಲ್ಲಿ ದಾನ ಕೊಟ್ಟು ಬೆಳೆಸಿದವರು ಗೋವೆಯ ಕದಂಬರು: ಶಿವಚಿತ್ತ ಪೆರ್ಮಾಡಿ ಮತ್ತು ಅವನ ತಮ್ಮ ವಿಷ್ಣುಚಿತ್ತ ವಿಜಯಾದಿತ್ಯ. ಬನವಾಸಿಯ ಆದಿಕದಂಬರ ಆಳ್ವಿಕೆ ಮುಗಿದು ಆಗಲೇ ಸುಮಾರು ಆರುನೂರು ವರ್ಷ ಕಳೆದಿತ್ತು. ಆದರೂ ಗೋವೆಯಲ್ಲಿ ಕೂತು ಆಳಿದ ಇವರು ತಮ್ಮನ್ನು ‘ಬನವಾಸಿಪುರವರಾಧೀಶ್ವರ’ ಎಂದು ಕರೆದುಕೊಂಡರು. ಪಲಾಶಿಕಾಕ್ಕೆ ಬಂದು ಗುಡಿ ಕಟ್ಟಿಸಿದ್ದರ ಹಿಂದೆ ಭಕ್ತಿಯಷ್ಟೇ ಇರಲಿಲ್ಲ, ‘ನಾವು ಅವರ ಮುಂದುವರಿಕೆ’ ಎಂದು ತೋರಿಸಿಕೊಳ್ಳುವ ಹಂಬಲವೂ ಇದ್ದಿರಬೇಕು. ನಾವು ಇಂದು ಅವರ ಕಡೆಗೆ ನೋಡುವ ಹಾಗೆಯೇ ಅವರೂ ಹಿಂದಕ್ಕೆ ನೋಡುತ್ತಿದ್ದರು. ಇವರಲ್ಲೂ ಎರಡು ಲಿಪಿಗಳು ಚಲಾವಣೆಯಲ್ಲಿದ್ದವು, ಕನ್ನಡವೂ ನಾಗರಿಯೂ. ಅದನ್ನು ಆ ಕಾಲದವರು ಸಮಸ್ಯೆ ಎಂದುಕೊಂಡ ಕುರುಹಿಲ್ಲ.

ಗುಡಿಯ ಒಳಗೆ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಒಂದರಲ್ಲಿ ಭೂಮಿಯನ್ನು ಎತ್ತಿ ಹಿಡಿದ ವರಾಹ. ನಡುವೆ ನಿಂತರೆ ಯಾವ ದೇವರಿಗೆ ಬೆನ್ನು ತಿರುಗಿಸುವುದು ಎಂಬ ಪೇಚಾಟ. ನಾನು ಕಂಬಕ್ಕೆ ಒರಗಿ ಪಕ್ಕಕ್ಕೆ ನಿಲ್ಲುತ್ತೇನೆ.

ಬೆಳಗಾವಿ ನಗರದ ಕೋಟೆಗೆ ಬಂದರೆ ಈ ಗೊಂದಲ ಇನ್ನೂ ದಟ್ಟವಾಗುತ್ತದೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ ಬಸದಿಗೆ 1204ರಲ್ಲಿ ಕೊಟ್ಟ ದಾನಗಳ ಶಾಸನಗಳಲ್ಲಿ ವೇಣುಗ್ರಾಮದ ಪೇಟೆಯ ವರ್ತಕರು ಬರುತ್ತಾರೆ, ಅವರಲ್ಲಿ ಲಾಳರಿದ್ದಾರೆ, ಅಂದರೆ ಗುಜರಾತಿನ ಕಡೆಯವರು, ಮಲೆಯಾಳದವರಿದ್ದಾರೆ. ಆ ಎರಡು ಕಲ್ಲುಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅದೇ ಕೋಟೆಯ ಸಫಾ ಮಸೀದಿಯ ಕಂಬಗಳಲ್ಲಿ ಎರಡರ ಮೇಲೆ ನಾಗರಿ ಲಿಪಿಯಲ್ಲಿ ಕನ್ನಡ ಬರಹವಿದೆ: ಒಂದು 1199ರದು, ರಟ್ಟರ ಕಾಲದ್ದು, ಇನ್ನೊಂದು 1261ರದು, ಸೇವುಣ ಕೃಷ್ಣನ ಕಾಲದ್ದು. ಕನ್ನಡ ಭಾಷೆ, ನಾಗರಿ ಲಿಪಿ, ಮಸೀದಿಯ ಕಂಬ. ಇದನ್ನು ಯಾವ ಪಕ್ಷದ ವಕೀಲನ ಕೈಗೆ ಕೊಡುವುದು? ಲಂಡನ್ನಿಗೆ ಹೋದ ಕಲ್ಲುಗಳ ಬಗ್ಗೆ ಮಾತ್ರ ನನಗೆ ಗೊಂದಲವಿಲ್ಲ. ಅವು ಬೆಳಗಾವಿಯಲ್ಲಿರಬೇಕು. ಬಸದಿಯ ದಾನದ ಕಲ್ಲು ಬಸದಿಯ ಹತ್ತಿರ ಇರಬೇಕೆನ್ನುವುದಕ್ಕೆ ಭಾಷೆಯ ವಾದವೂ ಬೇಕಿಲ್ಲ, ಗಡಿಯ ವಾದವೂ ಬೇಕಿಲ್ಲ.

ಹೀಗೆ ಹೇಳಿದೊಡನೆ ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಎಲ್ಲರದೂ ಎಂದರೆ ಯಾರದೂ ಅಲ್ಲ ಎಂದಾಗುವುದಿಲ್ಲವೇ? ಎಲ್ಲವೂ ಕಲಸಿಹೋಗಿದೆ ಎಂಬ ಸುಖದ ಮಾತಿನ ಹಿಂದೆ ಸತ್ಯವನ್ನು ಮುಚ್ಚಿಡಬಹುದು. ಪಲಸಿಗೆ ಹಲಸಿಯಾದದ್ದು ಕನ್ನಡದ ಬಾಯಲ್ಲಿ ಎಂಬುದನ್ನು ನಾಳೆ ಯಾರಾದರೂ ಅಲ್ಲಗಳೆದರೆ ಸುಮ್ಮನಿರಬೇಕೇ? ಸುಮ್ಮನಿರಬಾರದು. ಇಲ್ಲಿ ನನ್ನ ಗೆಳೆಯನ ಜೊತೆ ನಾನಿದ್ದೇನೆ. ಸಾಕ್ಷಿಯನ್ನು ಸಾಕ್ಷಿಯಾಗಿ ಉಳಿಸಿಕೊಳ್ಳಲು ಜಗಳವಾಡಬೇಕಾದರೆ ಆಡಬೇಕು. ಆದರೆ ಆ ಜಗಳ ಗೆದ್ದ ಮೇಲೆ ನಮಗೆ ಸಿಗುವುದು ಒಂದು ನಿಜ ಮಾತ್ರ, ಒಂದು ಊರಲ್ಲ. ಅಲ್ಲಿ ವಾಸವಾಗಿರುವವರಿಗೆ ‘ನೀವು ಇರುವುದು ನಮ್ಮ ಮನೆಯಲ್ಲಿ’ ಎಂದು ಹೇಳುವ ಅಧಿಕಾರವನ್ನು ಆ ನಿಜ ನಮಗೆ ಕೊಡುವುದಿಲ್ಲ.

ಈ ಅಧಿಕಾರ ಸಿಕ್ಕರೆ ಏನಾಗುತ್ತದೆ ಎಂದು ತಿಳಿಯಲು ದೂರದ ಒಂದು ಊರನ್ನು ನೋಡಬೇಕು. ಟರ್ಕಿಯ ಆಗ್ನೇಯ ಭಾಗದಲ್ಲಿ, ಟೈಗ್ರಿಸ್ ನದಿಯ ದಂಡೆಯ ಮೇಲೆ, ಹಸನ್‌ಕೇಫ್ ಎಂಬ ಊರಿತ್ತು. ಅಲ್ಲಿಯವರಲ್ಲಿ ಹೆಚ್ಚಿನವರು ಕುರ್ದರು, ಅರಬ್ಬಿ ಮಾತಾಡುವವರೂ ಇದ್ದರು. ಬಂಡೆಯಲ್ಲಿ ಕೊರೆದ ಗುಹೆಮನೆಗಳು, ನದಿಯ ಮೇಲೆ 12ನೆಯ ಶತಮಾನದ ಸೇತುವೆಯ ಕಂಬಗಳು, ಮಿನಾರುಗಳು. ಸೇತುವೆ ಕಟ್ಟಿದ ಅರ್ತುಕಿದರು ತುರ್ಕಮನ್ನರು. ಮಸೀದಿಗಳನ್ನು ಕಟ್ಟಿಸಿದ ಅಯ್ಯೂಬಿದರು ಕುರ್ದ್ ಮೂಲದವರು. ಗುಮ್ಮಟದ ಗೋರಿಯಲ್ಲಿ ಮಲಗಿದ್ದ ಝೈನೆಲ್ ಬೇ 15ನೆಯ ಶತಮಾನದ ತುರ್ಕಮನ್ ರಾಜಕುಮಾರ. ಹಲಸಿಯಂತೆಯೇ ಅಲ್ಲಿಯೂ ಕಟ್ಟಿದವರ ಭಾಷೆ ಬೇರೆ, ವಾಸವಿದ್ದವರ ಭಾಷೆ ಬೇರೆ. ಶತಮಾನಗಳಿಂದ ಅದರ ನೆರಳಲ್ಲಿ ಮೇಕೆ ಕಟ್ಟಿ, ಮಕ್ಕಳನ್ನು ಆಡಿಸಿ, ಬಂದವರಿಗೆ ಕಥೆ ಹೇಳಿ ಅವರು ಬದುಕಿದ್ದರು.

ಇಲಿಸು ಅಣೆಕಟ್ಟು ಬಂತು. ಪರಂಪರೆಯನ್ನು ಉಳಿಸುತ್ತೇವೆಂದು ಸರ್ಕಾರ ಹೇಳಿತು, ತನ್ನ ಅರ್ಥದಲ್ಲಿ ಉಳಿಸಿತು ಕೂಡ. 2017ರಲ್ಲಿ ಸುಮಾರು 1,100 ಟನ್ ತೂಕದ ಝೈನೆಲ್ ಬೇ ಗೋರಿಯನ್ನು ಬುಡಸಮೇತ ಎತ್ತಿ, ಗಾಲಿಗಳ ವಾಹನದ ಮೇಲಿಟ್ಟು, ಎರಡು ಕಿಲೋಮೀಟರ್ ದೂರದ ಹೊಸ ಉದ್ಯಾನದಲ್ಲಿ ನಿಲ್ಲಿಸಿದರು. ಇನ್ನೂ ಕೆಲವು ಕಟ್ಟಡಗಳನ್ನು ಹಾಗೆಯೇ ಸಾಗಿಸಿದರು. 2019ರಲ್ಲಿ ನೀರು ತುಂಬಲು ಶುರುವಾಯಿತು, 2020ರಲ್ಲಿ ಹಳೆಯ ಊರು ಮುಳುಗಿತು. ಜನರಿಗೆ ಎದುರಿನ ಗುಡ್ಡದ ಮೇಲೆ ಸಾಲುಮನೆ ಸಿಕ್ಕಿತು. ಗೋರಿ ಈಗಲೂ ಇದೆ, ಚೆನ್ನಾಗಿದೆ. ಆದರೆ ಅದು ಯಾವ ನದಿಯ ದಂಡೆಯ, ಯಾವ ಊರಿನ ಬಾಗಿಲಲ್ಲಿ ನಿಂತಿತ್ತೋ ಆ ದಂಡೆ, ಆ ಬಾಗಿಲು ಇಲ್ಲ. ಕಟ್ಟಿದವರ ವಾರಸುದಾರ ತಾನೆಂದು ಒಪ್ಪಿಕೊಂಡ ರಾಜ್ಯಕ್ಕೆ ಕಲ್ಲನ್ನು ಉಳಿಸುವುದು ಗೊತ್ತಿತ್ತು. ಕಲ್ಲಿನ ಪಕ್ಕದ ಮನುಷ್ಯರು ಅದಕ್ಕೆ ಪರಂಪರೆಯ ಭಾಗವಾಗಿ ಕಾಣಲಿಲ್ಲ.

ಅಷ್ಟು ದೂರ ಏಕೆ, ನಮ್ಮ ಹಂಪಿಯಿದೆ. 2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ರಾತ್ರೋರಾತ್ರಿ ಎಂಬಂತೆ ಎಬ್ಬಿಸಿ ಬುಲ್ಡೋಜರ್ ತಂದರು. ಬಜಾರು ಎಂಬ ಹೆಸರನ್ನು ಉಳಿಸಲು ಬಜಾರನ್ನೇ ಖಾಲಿ ಮಾಡಿದ್ದು ನನಗೆ ಇವತ್ತಿಗೂ ಅರ್ಥವಾಗದ ತರ್ಕ. ಐಹೊಳೆಯಲ್ಲಿ ಗುಡಿಗಳೊಳಗೇ ಸಂಸಾರ ಹೂಡಿದ್ದವರ ಸ್ಥಳಾಂತರದ ಮಾತು ದಶಕಗಳಿಂದ ನಡೆದಿದೆ. ಅಲ್ಲಿಯ ಪ್ರಸಿದ್ಧ ಗುಡಿಗೆ ಲಾಡಖಾನ್ ಗುಡಿ ಎಂಬ ಹೆಸರು ಬಂದದ್ದೇ ಅದರೊಳಗೆ ವಾಸವಿದ್ದ ಲಾಡಖಾನನಿಂದ. ಚಾಲುಕ್ಯರ ಯಾವ ದೊರೆ ಕಟ್ಟಿಸಿದನೆಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ವಾಸವಿದ್ದವನ ಹೆಸರು ಮಾತ್ರ ಪಠ್ಯಪುಸ್ತಕದಲ್ಲಿ ಸೇರಿಹೋಗಿದೆ.

ಕೇಂದ್ರ ಸಂರಕ್ಷಿತ ಸ್ಮಾರಕವಿರುವ ಯಾವುದೇ ಊರಿಗೆ ಹೋಗಿ ನೋಡಿ. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದ ಸುತ್ತ 100 ಮೀಟರಿನಲ್ಲಿ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರಿನಲ್ಲಿ ಅನುಮತಿ ಬೇಕು. ಈ ಕಾನೂನು ಬೇಕೇ ಬೇಕು, ಇಲ್ಲದಿದ್ದರೆ ಗುಡಿಯ ಗೋಡೆಗೇ ಸಿಮೆಂಟಿನ ಶೌಚಾಲಯ ಒರಗಿ ನಿಲ್ಲುತ್ತದೆ. ಆದರೆ ಅದರ ಭಾರ ಹೊರುವವರು ಯಾರು? ಮಗನ ಮದುವೆಗೆ ಒಂದು ಕೋಣೆ ಏರಿಸಲಾಗದೆ ಒದ್ದಾಡುವ ಪಕ್ಕದ ಮನೆಯವರು. ನಾವು, ಅಂದರೆ ನಾನು ಮತ್ತು ಇದನ್ನು ಓದುವವರು, ಭಾನುವಾರ ಬಂದು ಫೋಟೋ ತೆಗೆದು, ‘ನಮ್ಮ ಭವ್ಯ ಪರಂಪರೆ’ ಎಂದು ಬರೆದು, ಸಂಜೆಯ ಬಸ್ಸು ಹಿಡಿಯುತ್ತೇವೆ. ಪರಂಪರೆಯ ಹೆಮ್ಮೆ ಒಬ್ಬರಿಗೆ, ತೆರಿಗೆ ಇನ್ನೊಬ್ಬರಿಗೆ. ಹಕ್ಕಿನ ಪ್ರಶ್ನೆಯನ್ನು ನಾನು ಕೇಳುವುದೇ ಆದರೆ ಇಲ್ಲಿಂದ ಕೇಳಬೇಕು ಅನ್ನಿಸುತ್ತದೆ.

ವಿಚಿತ್ರವೆಂದರೆ ಈ ಪ್ರಶ್ನೆಗೆ ತಾಮ್ರಪಟಗಳ ಹತ್ತಿರವೇ ಒಂದು ಉತ್ತರವಿದೆ. ಇಂಥ ದಾನಪತ್ರಗಳ ಕೊನೆಗೆ ಶಾಪದ ಶ್ಲೋಕಗಳಿರುತ್ತವೆ. ಶಾಸನ ಓದುವವರು ಅವನ್ನು ಸಾಮಾನ್ಯವಾಗಿ ದಾಟಿಸಿಬಿಡುತ್ತಾರೆ, ಎಲ್ಲ ಕಡೆ ಅವೇ ಇರುತ್ತವಲ್ಲ ಎಂದು. ನಾನೂ ಬಹಳ ದಿನ ಹಾಗೆಯೇ ಓದುತ್ತಿದ್ದೆ. ನಿಧಾನವಾಗಿ ಓದಿದರೆ ಅವುಗಳಲ್ಲಿ ಶಾಪಕ್ಕಿಂತ ಮುಖ್ಯವಾದ ವಿಚಾರಗಳಿವೆ. ತಾನು ಕೊಟ್ಟದ್ದಾಗಲಿ ಇನ್ನೊಬ್ಬರು ಕೊಟ್ಟದ್ದಾಗಲಿ ಅದನ್ನು ಕಿತ್ತುಕೊಳ್ಳುವವನು ಒಂದೇ ಬಗೆಯ ಪಾಪಿ ಎಂಬುದು ಒಂದು. ಭೂಮಿಯನ್ನು ಅನೇಕರು ಆಳಿ ಹೋಗಿದ್ದಾರೆ, ಯಾವಾಗ ಅದು ಯಾರ ಕೈಯಲ್ಲಿರುತ್ತದೋ ಆಗ ಅದರ ಫಲ ಅವರಿಗೆ ಎಂಬುದು ಇನ್ನೊಂದು. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದು ದೊಡ್ಡದೆಂದೂ ಹಲವು ಶಾಸನಗಳು ಹೇಳುತ್ತವೆ.

ಬರೆಸಿದವರಿಗೆ ತಮ್ಮ ವಂಶ ಶಾಶ್ವತವಲ್ಲವೆಂದು ಗೊತ್ತಿತ್ತು. ‘ಚಂದ್ರ ಸೂರ್ಯರಿರುವ ತನಕ’ ಎಂಬ ಮಾತಿನ ಪಕ್ಕದಲ್ಲೇ, ‘ನಮ್ಮ ನಂತರ ಬರುವ ಬೇರೆಯವರೇ’ ಎಂದು ಅವರು ಗುರುತಿಲ್ಲದವರನ್ನು ಉದ್ದೇಶಿಸಿ ಬೇಡಿಕೊಳ್ಳುತ್ತಾರೆ. ಬರುವವರು ಯಾವ ಕುಲ, ಯಾವ ಮಾತು, ಯಾವ ದೇವರು ಎಂದು ಕೇಳುವುದಿಲ್ಲ. ಕಾಯ್ದರೆ ಕೊಟ್ಟವನ ಪುಣ್ಯ ನಿನಗೂ ಇದೆ ಎನ್ನುತ್ತಾರೆ. ಈ ಲೆಕ್ಕದಲ್ಲಿ ವಾರಸುದಾರಿಕೆ ಹಿಂದಿನಿಂದ ಹರಿದು ಬರುವುದಲ್ಲ, ಮುಂದಿನವರು ಕೈಚಾಚಿ ಎತ್ತಿಕೊಳ್ಳುವುದು. ಮೃಗೇಶವರ್ಮನ ಬೇಡಿಕೆಯ ಪತ್ರ ಹಲಸಿಯ ಇಂದಿನ ನಿವಾಸಿಯ ವಿಳಾಸಕ್ಕೂ ಬಂದಿದೆ. ಅವನಿಗೆ ಸಂಸ್ಕೃತವಾಗಲಿ ಕನ್ನಡವಾಗಲಿ ಬರುವುದಿಲ್ಲ ಎಂಬ ಕಾರಣಕ್ಕೆ ಪತ್ರವನ್ನು ನಡುದಾರಿಯಲ್ಲಿ ಒಡೆದು ನನ್ನ ಹೆಸರಿಗೆ ಬರೆದುಕೊಳ್ಳುವುದು ಸರಿಯಲ್ಲ.

ಇದನ್ನು ಇಷ್ಟಕ್ಕೇ ಬಿಟ್ಟರೆ ಕಾಯುವವರ ಬಗ್ಗೆ ಒಂದು ಸುಂದರ ಚಿತ್ರ ಬರೆದಂತಾಗುತ್ತದೆ, ಅದು ಪೂರ್ತಿ ನಿಜವಲ್ಲ. ಕಾಯುವುದೆಂದರೆ ಏನು ಎಂಬುದರಲ್ಲೇ ತಕರಾರಿದೆ. ಭಕ್ತಿಯಿಂದ ಶಿಲ್ಪಕ್ಕೆ ಎಣ್ಣೆಬಣ್ಣ ಬಳಿಯುವವರೂ ಕಾಯುವವರೇ, ಹಳೆಯ ಹಾಸುಗಲ್ಲಿನ ಮೇಲೆ ಹೊಳೆಯುವ ಟೈಲ್ಸ್ ಹಾಕಿಸುವ ದಾನಿಗಳೂ ಕಾಯುವವರೇ. ‘ಊರಿನವರು’ ಎಂದರೆ ಒಂದೇ ದನಿಯೂ ಅಲ್ಲ. ಊರಿನ ಗುಡಿಗೆ ಊರಿನವರೇ ಆದ ಎಲ್ಲರಿಗೂ ಒಂದೇ ರೀತಿಯ ಪ್ರವೇಶವಿದ್ದ ಕಾಲ ನಮ್ಮ ಇತಿಹಾಸದಲ್ಲಿ ಬಹಳ ಉದ್ದವಾದದ್ದೇನಲ್ಲ. ಹಾಗೆ ನೋಡಿದರೆ ಆ ತಾಮ್ರಪಟಗಳೇ ಕೆಲವರನ್ನು ಬಿಟ್ಟಿವೆ. 33 ನಿವರ್ತನ ಕೊಟ್ಟ ದೊರೆಯ ಹೆಸರಿದೆ, ಪಡೆದ ಯತಿಗಳ ಪಂಗಡಗಳಿವೆ. ಕರ್ದಮಪಟಿಯ ಕೆಸರಿನಲ್ಲಿ ನಿಂತು ಸಸಿ ನೆಟ್ಟವರ ಹೆಸರಿಲ್ಲ. ಕೊಟ್ಟದ್ದು ದೊರೆ, ಕೊಟ್ಟದ್ದನ್ನು ಬೆಳೆದದ್ದು ಅವರು. ಇವತ್ತು ಹಲಸಿಯ ಗದ್ದೆಯಲ್ಲಿ ನಾಟಿ ಮಾಡುತ್ತಿರುವವರು ಅವರ ಮಕ್ಕಳ ಮಕ್ಕಳೋ, ಆಮೇಲೆ ಬಂದವರೋ ಯಾವ ದಾಖಲೆಯೂ ಹೇಳದು. ದಾಖಲೆಯೇ ಇಲ್ಲದವರ ವಾರಸುದಾರಿಕೆಯನ್ನು ಗಡಿ ಆಯೋಗವಾಗಲಿ ಸಂಶೋಧಕನಾಗಲಿ ಲೆಕ್ಕಕ್ಕೆ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ.

ಹಲಸಿಯಿಂದ ಸ್ವಲ್ಪ ದೂರದ ನಂದಗಡದಲ್ಲಿ ಬರಹವೇ ಇಲ್ಲದ ಇನ್ನೊಂದು ಬಗೆಯ ಸ್ಮಾರಕವಿದೆ. 1831ರ ಜನವರಿ 26ರಂದು ಅಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅವನ ಸಮಾಧಿಯ ಮೇಲಿನ ಆಲದ ಮರಕ್ಕೆ ಮಕ್ಕಳಾಗಲೆಂದು ಹರಸಿಕೊಂಡವರು ತೊಟ್ಟಿಲು ಕಟ್ಟುತ್ತಾರೆ. ಸಣ್ಣ ಸಣ್ಣ ಮರದ ತೊಟ್ಟಿಲುಗಳು. ಅವುಗಳ ಮೇಲೆ ಹೆಸರಿರುವುದಿಲ್ಲ. ಕಟ್ಟಿದ ಕೈ ಯಾವ ಭಾಷೆಯದೆಂದು ನೋಡಿ ಹೇಳಲು ಬರುವುದಿಲ್ಲ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಹಲಸಿಯ ಗುಡಿಯ ಅಂಗಳದಲ್ಲಿ ಕೂತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ, ಅಲ್ಲಿ ಎಲೆ ಗುಡಿಸುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಹತ್ತಿರ ಬಂದು ಏನು ಬರೆಯುತ್ತೀ ಎಂದು ಮರಾಠಿಯಲ್ಲಿ ಕೇಳಿದರು. ನನ್ನ ಮರಾಠಿ ಬೆಳಗಾವಿಯ ಬಸ್ ನಿಲ್ದಾಣದ ಮರಾಠಿ, ಅರ್ಧ ಕನ್ನಡ. ಇಲ್ಲಿ ಸಿಕ್ಕ ತಾಮ್ರದ ಹಲಗೆಗಳ ಬಗ್ಗೆ ಎಂದೆ. ಹಲಗೆ ಸಿಕ್ಕ ಕಥೆ ಅವರಿಗೂ ಗೊತ್ತಿತ್ತು, ಅದರಲ್ಲಿ ಏನು ಬರೆದಿದೆ ಎಂಬುದು ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿದೆ ಎಂದೆ. “ಮತ್ತೆ ನಮಗೆ?” ಎಂದರು. ಅವರ ಮೊಮ್ಮಗಳು ಓದುತ್ತಾಳಂತೆ, ಬರೆದುಕೊಟ್ಟರೆ ಗುಡಿಯಲ್ಲಿ ಓದಿ ಹೇಳುತ್ತಾಳಂತೆ.

ಪ್ರಬಂಧದ ಅಧ್ಯಾಯಕ್ಕಿಂತ ಈಗ ನನ್ನ ತಲೆಯಲ್ಲಿ ಕೂತಿರುವುದು ಈ ಕೆಲಸ. ಮೃಗೇಶವರ್ಮನ ದಾನಪತ್ರದ ಸಂಸ್ಕೃತವನ್ನು ಮೊದಲು ಕನ್ನಡಕ್ಕೆ, ಅಲ್ಲಿಂದ ನನ್ನ ಹರಕು ಮರಾಠಿಗೆ ತಂದು, ಮರಾಠಿ ವಿಭಾಗದ ಗೆಳತಿಯೊಬ್ಬಳಿಂದ ತಿದ್ದಿಸಿಕೊಳ್ಳುತ್ತಿದ್ದೇನೆ. ದೊರೆ, ತಂದೆ, ಗುಡಿ, ಹೊಳೆ, ಸಂಗಮ ಎಲ್ಲವೂ ಸಲೀಸಾಗಿ ಬಂದವು. ಶಾಪದ ಶ್ಲೋಕಗಳ ಮಾತುಗಳಿಗೆ ಅವಳು ನಗುತ್ತ ಮರಾಠಿಯ ಒಳ್ಳೆಯ ಬೈಗುಳಗಳನ್ನು ಹುಡುಕಿಕೊಟ್ಟಳು. ನಿಂತಿರುವುದು ‘ನಿವರ್ತನ’ದ ಹತ್ತಿರ. ಆ ಅಳತೆ ಒಂದೊಂದು ಗ್ರಂಥದಲ್ಲಿ ಒಂದೊಂದು ಬಗೆ, ರಾಜಮಾನವೆಂದರೆ ಎಷ್ಟು ಉದ್ದದ ಕೋಲು ಎಂಬುದೂ ಖಚಿತವಿಲ್ಲ. ಅಡಿಟಿಪ್ಪಣಿ ಹಾಕಿ ಮುಗಿಸಬಹುದು, ಆದರೆ ಗುಡಿಯಲ್ಲಿ ಗಟ್ಟಿಯಾಗಿ ಓದುವ ಬರಹಕ್ಕೆ ಅಡಿಟಿಪ್ಪಣಿ ಹೇಗೆ ಹಾಕುವುದು? ಕೇಳುತ್ತ ಕೂತವರು ಮೊದಲು ಕೇಳುವುದೇ ಎಷ್ಟು ಗುಂಟೆ ಎಂದು, ಆಮೇಲೆ ಅದು ಈಗ ಯಾರ ಗದ್ದೆ ಎಂದು.